ಸಸಿಯ ಬೇರಿಗೆ ಸ್ವಲ್ಪ ಹಸಿವಿರಲಿ

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ಪೈನ್ ಸಸಿಗಳಿವೆ. ಎರಡನ್ನೂ ಒಂದೇ ದಿನ ಬಿತ್ತಿದ್ದು. ಎಡಗಡೆಯದು ಎತ್ತರಕ್ಕೆ ಬೆಳೆದು ಕಡುಹಸಿರಾಗಿದೆ, ಬಲಗಡೆಯದು ಅದರ ಮುಕ್ಕಾಲು ಪಾಲು ಇದೆ. ಒಂದನ್ನು ಆರಿಸಿಕೊಳ್ಳಿ ಎಂದರೆ ಎಲ್ಲರ ಕೈಯೂ ಎಡಗಡೆಗೇ ಹೋಗುತ್ತದೆ. ನಾನೂ ಬಹಳ ವರ್ಷ ಹಾಗೇ ಆರಿಸುತ್ತಿದ್ದೆ. ಈಗ ಎರಡನ್ನೂ ಕುಂಡದಿಂದ ಬಿಡಿಸುತ್ತೇನೆ, ನೋಡಿ.

ಎಡಗಡೆಯದರ ಬೇರು ಉದ್ದುದ್ದ, ಬೋಳುಬೋಳು. ಎತ್ತುತ್ತಲೇ ಮಣ್ಣೆಲ್ಲ ಉದುರಿತು. ಬಲಗಡೆಯದರ ಬೇರಿನ ತುದಿಗಳು ಗಿಡ್ಡವಾಗಿ, ಎರಡಾಗಿ ಕವಲೊಡೆದು, ಪುಟ್ಟ ಕವೆಗೋಲಿನ ಹಾಗಿವೆ. ಮೇಲೆ ಹತ್ತಿಯಂಥ ಬಿಳಿ ಎಳೆಗಳು ಹಬ್ಬಿ ಮಣ್ಣನ್ನು ಹಿಡಿದುಕೊಂಡಿವೆ. ಇದನ್ನು ಬೂಷ್ಟು ಎಂದು ತೊಳೆದುಬಿಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. 1885ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಮೈಕೊರೈಜಾ ಎಂದು ಹೆಸರಿಟ್ಟದ್ದು ಬೇರು ಮತ್ತು ಶಿಲೀಂಧ್ರದ ಈ ಕೂಡುಬಾಳ್ವೆಗೇ.

ಗಿಡಕ್ಕೆ ಬೇಕಾದ ರಂಜಕ, ಅಂದರೆ ಫಾಸ್ಫರಸ್, ಮಣ್ಣಿನಲ್ಲಿ ಸುಲಭವಾಗಿ ಸರಿದಾಡುವುದಿಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನಷ್ಟನ್ನು ಹೀರಿದ ಮೇಲೆ ಅಲ್ಲಿ ಬರಗಾಲ. ಬೇರುಗೂದಲಿಗಿಂತಲೂ ತೆಳುವಾದ ಶಿಲೀಂಧ್ರದ ಎಳೆಗಳು ಅದರಾಚೆಗೆ ಹೋಗಿ ರಂಜಕವನ್ನು ಹೊತ್ತು ತರುತ್ತವೆ. ಕೂಲಿಯಾಗಿ ಸಸಿ ತಾನು ತಯಾರಿಸಿದ ಸಕ್ಕರೆಯಲ್ಲಿ ಪಾಲು ಕೊಡುತ್ತದೆ. ಎಡಗಡೆಯದಕ್ಕೆ ಮಾಡಿದ ಹಾಗೆ ನಾವು ಬುಡಕ್ಕೇ ರಂಜಕ ಸುರಿದರೆ ಸಸಿ ಆ ಕೂಲಿಯನ್ನು ಯಾಕೆ ಕೊಟ್ಟೀತು? ಶಿಲೀಂಧ್ರವನ್ನು ಬೇರಿಗೆ ಸೇರಿಸಿಕೊಳ್ಳುವುದೇ ಕಡಿಮೆಯಾಗುತ್ತದೆ. ನರ್ಸರಿಯಲ್ಲಿ ಇರುವಷ್ಟು ದಿನ ಏನೂ ಗೊತ್ತಾಗುವುದಿಲ್ಲ. ಬಡ ನೆಲದಲ್ಲಿ ನೆಟ್ಟ ಮೇಲೆ ಗೊಬ್ಬರವೂ ಇಲ್ಲ, ಜೊತೆಗಾರನೂ ಇಲ್ಲ.

ಹಾಗೆಂದು ಉಪವಾಸ ಕೆಡವಬೇಡಿ. ಸೊರಗಿದ ಸಸಿಯಲ್ಲಿ ಶಿಲೀಂಧ್ರಕ್ಕೆ ಕೊಡಲು ಸಕ್ಕರೆಯೇ ಇರುವುದಿಲ್ಲ. ಕುಂಡದ ಮಣ್ಣು ಹಿಡಿಯಷ್ಟು, ನೀರು ಹಾಕಿದಷ್ಟೂ ಸಾರಜನಕ ಬಸಿದುಹೋಗುತ್ತದೆ. ಅದನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಲೇ ಇರಬೇಕು. ರಂಜಕ ಕಡಿಮೆ ಇರುವ, ನಿಧಾನವಾಗಿ ಬಿಡುಗಡೆಯಾಗುವ ಗೊಬ್ಬರ ನನಗೆ ಮೆಚ್ಚು. ಆದರೆ ಎಲೆ ನೇರಳೆಗೆ ತಿರುಗಿ ಬೆಳವಣಿಗೆ ನಿಂತರೆ ರಂಜಕದ ಕೊರತೆ ಇರಬಹುದು, ಆಗ ಹಟ ಹಿಡಿಯದೆ ಒಂದಿಷ್ಟು ಕೊಡಿ.

ಇನ್ನೊಂದು ಮಾತು, ಇದರಲ್ಲಿ ಬಹಳ ಜನ ಎಡವುತ್ತಾರೆ. ಪೈನ್, ಓಕ್ ಮರಗಳಿಗೆ ಬೇರನ್ನು ಹೊರಗಿನಿಂದ ಹೊದೆಯುವ ಶಿಲೀಂಧ್ರ ಬೇಕು, ಅವುಗಳಲ್ಲಿ ಹೆಚ್ಚಿನವು ಅಣಬೆ ಬಿಡುತ್ತವೆ. ತೇಗ, ಬೇವಿಗೆ ಬೇರಿನ ಜೀವಕೋಶದೊಳಕ್ಕೇ ಹೋಗುವ ಬೇರೆ ಬಗೆ ಬೇಕು. ಅದು ಬರಿಗಣ್ಣಿಗೆ ಕಾಣದು, ಬೇರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಒಂದು ಬಗೆಯ ಶಿಲೀಂಧ್ರದ ಪುಡಿಯನ್ನು ಇನ್ನೊಂದು ಬಗೆ ಬೇಕಾದ ಸಸಿಗೆ ಹಾಕಿದರೆ ದುಡ್ಡು ದಂಡ. ಸರಿಯಾದದ್ದನ್ನೇ ತಂದರೂ ಎಳೆಬೇರಿಗೆ ತಾಗುವಂತೆ, ಬಿತ್ತುವಾಗಲೋ ಸಸಿ ಬದಲಿಸುವಾಗಲೋ ಹಾಕಬೇಕು. ಆಮೇಲೆ ಕುಂಡದಲ್ಲಿ ನೀರು ನಿಲ್ಲಬಾರದು, ಶಿಲೀಂಧ್ರನಾಶಕವನ್ನು ಕೇಳದೆ ಸುರಿಯಬಾರದು.

ಬಲಗಡೆಯ ಸಸಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮುಂದಿನ ಸಾಲಿಗೆ ಕೊಡುತ್ತಿದ್ದೇನೆ, ಜೊತೆಗೆ ಭೂತಗನ್ನಡಿಯೂ ಇದೆ. ಬೇರಿನ ತುದಿಯನ್ನು ನೋಡಿ ಹಿಂದಕ್ಕೆ ದಾಟಿಸಿ. ಬೇರು ಒಣಗುವ ಮೊದಲೇ ಅದನ್ನು ಮತ್ತೆ ಕುಂಡಕ್ಕೆ ಹಾಕಬೇಕು.