ರೀಫಂಡ್ ಮೇಲ್ ಬಂತಾ? ಅಡ್ರೆಸ್ ಹಿಂದಿನಿಂದ ಓದಿ

ನಮಸ್ಕಾರ ಎಲ್ರಿಗೂ. ರಿಟರ್ನ್ ಫೈಲ್ ಮಾಡೋ ಟೈಮ್ ಬಂತು ಅಂದ್ರೆ ಸಾಕು, ನಿಮ್ಗೆ ಟ್ಯಾಕ್ಸ್ ರೀಫಂಡ್ ಮಂಜೂರಾಗಿದೆ, ಕೆಳಗಿನ ಲಿಂಕ್ ಒತ್ತಿ ಅನ್ನೋ ಮೇಲ್‌ಗಳು ಶುರು. ಇದಕ್ಕೆ ಎಲ್ರೂ ಕೊಡೋ ಸಲಹೆ ಒಂದೇ, ಸ್ಪೆಲ್ಲಿಂಗ್ ತಪ್ಪಿದ್ಯಾ ನೋಡಿ, ಇಂಗ್ಲಿಷ್ ಹರಕುಮುರುಕಾಗಿದ್ಯಾ ನೋಡಿ. ನನ್ ಪ್ರಕಾರ ಈ ಸಲಹೆ ಈಗ ಅಪಾಯ ಕಣ್ರೀ. ಎಐ ಕೈಲಿ ಬರೆಸಿದ ಮೇಲಲ್ಲಿ ಒಂದು ಕಾಮಾನೂ ತಪ್ಪಿರಲ್ಲ, ಲೋಗೋ ಸಮೇತ ಅಸಲಿ ಥರಾನೇ ಇರುತ್ತೆ, ತಪ್ಪಿಲ್ವಲ್ಲ ಅಂತ ನಂಬಿದವ್ರೇ ಸಿಕ್ಕಾಕೊಳ್ತಾರೆ.

ನೋಡ್ಬೇಕಾಗಿರೋದು ಲಿಂಕಿನ ಅಡ್ರೆಸ್, ಅದೂ ಹಿಂದಿನಿಂದ. ಕಂಪ್ಯೂಟರಲ್ಲಾದ್ರೆ ಲಿಂಕ್ ಮೇಲೆ ಮೌಸ್ ತಂದು ಸುಮ್ನೆ ನಿಲ್ಸಿ, ಕ್ಲಿಕ್ ಬೇಡ, ಕೆಳಗಡೆ ಮೂಲೇಲಿ ಪೂರ್ತಿ ಅಡ್ರೆಸ್ ಕಾಣುತ್ತೆ. ಕಳ್ಳ ಲಿಂಕಲ್ಲೂ ಶುರುನಲ್ಲಿ ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್ ಅಂತಾನೇ ಇರುತ್ತೆ, ಅಷ್ಟು ಓದಿ ನಾವು ಸಮಾಧಾನ ಆಗ್ಬಿಡ್ತೀವಿ, ಆದ್ರೆ ಅದರ ಪಕ್ಕಕ್ಕೇ ಇನ್ನೊಂದು ಡಾಟ್ ಹಾಕಿ ರೀಫಂಡು, ಕ್ಲೇಮು ಅಂತ ಏನೋ ಒಂದು ಹೆಸರು ಸೇರ್ಸಿ ಡಾಟ್ ಕಾಮ್ ಅಂತ ಬಾಲ ಅಂಟಿಸಿರ್ತಾರೆ. ಆ ಬಾಲ ಯಾರದ್ದೋ ಸೈಟು ಅವ್ರದ್ದು, ಬಾಲದ ಮುಂದೆ ಅವ್ರು ಏನು ಬೇಕಾದ್ರೂ ಬರ್ಕೋಬಹುದು. ಬೀಗದ ಗುರುತು ಇದೆ ಅಂತಾನೂ ನಂಬಬೇಡಿ, ಅದು ಕಳ್ಳ ಸೈಟಿಗೂ ಸಿಗುತ್ತೆ.

ಅಷ್ಟಕ್ಕೂ ರೀಫಂಡ್ ಬರೋಕೆ ಮೇಲಲ್ಲಿರೋ ಲಿಂಕ್ ಒತ್ತೋ ಅಗತ್ಯಾನೇ ಇಲ್ಲ. ರಿಟರ್ನ್ ಇಲ್ಲೇ ಬೆಂಗಳೂರಿನ ಸಿಪಿಸಿ, ಅಂದ್ರೆ ಆದಾಯ ತೆರಿಗೆ ಇಲಾಖೆಯ ಪ್ರೋಸೆಸಿಂಗ್ ಸೆಂಟರಲ್ಲಿ ಪ್ರೋಸೆಸ್ ಆಗುತ್ತೆ, ದುಡ್ಡು ನೀವು ಇಲಾಖೆ ಪೋರ್ಟಲಲ್ಲಿ ವ್ಯಾಲಿಡೇಟ್ ಮಾಡಿಟ್ಟಿರೋ ಅಕೌಂಟಿಗೇ ಬೀಳುತ್ತೆ. ಪಿನ್ನು, ಪಾಸ್‌ವರ್ಡು, ಕಾರ್ಡಿನ ವಿವರ ಇಲಾಖೆ ಮೇಲಲ್ಲಿ ಕೇಳೋದೇ ಇಲ್ಲ. ಡೌಟ್ ಬಂದ್ರೆ ನೀವೇ ಅಡ್ರೆಸ್ ಟೈಪ್ ಮಾಡಿ ಲಾಗಿನ್ ಆಗಿ ನೋಡಿ.

ಬ್ಯಾಂಕ್ ವಿಷಯಕ್ಕೆ ಬಂದ್ರೆ ಆರ್‌ಬಿಐ ಒಂದು ಒಳ್ಳೇ ಕೆಲ್ಸ ಮಾಡಿದೆ, ಬ್ಯಾಂಕ್‌ಗಳೆಲ್ಲಾ ಡಾಟ್ ಬ್ಯಾಂಕ್ ಡಾಟ್ ಇನ್ ಅಡ್ರೆಸ್ಸಿಗೆ ಬರಬೇಕು ಅಂತ 2025ರ ಅಕ್ಟೋಬರ್ 31ರ ಗಡುವು ಕೊಡ್ತು. ಪಾಸ್‌ಬುಕ್ ಹಿಡ್ಕೊಂಡು ಕ್ಯೂ ನಿಲ್ಲೋ ನಮ್ಮ ಹಿರಿಯರಿಗೆ ಇದು ಗೊತ್ತಾಗ್ಬೇಕು ಅಲ್ವಾ, ಪ್ರತಿ ಬ್ರಾಂಚಲ್ಲೂ ಕನ್ನಡದಲ್ಲಿ ದೊಡ್ಡದಾಗಿ ಬೋರ್ಡ್ ಹಾಕ್ಲೇಬೇಕು ಅನ್ನೋದು ನನ್ನ ಒತ್ತಾಯ.

ಇನ್ನು ದುಡ್ಡು ಹೋಗೇಬಿಟ್ಟಿದ್ರೆ ಮನೇಲಿ ಯಾರೂ ಬೈತಾ ಕೂರಬೇಡಿ ದಯವಿಟ್ಟು. ಬೈತಾರೆ ಅನ್ನೋ ಭಯಕ್ಕೇ ಎಷ್ಟೋ ಜನ ಬಾಯಿ ಬಿಡಲ್ಲ, ಅಷ್ಟರಲ್ಲಿ ಆ ದುಡ್ಡು ಒಂದು ಅಕೌಂಟಿಂದ ಇನ್ನೊಂದಕ್ಕೆ ದಾಟಿ ಹೋಗಿರುತ್ತೆ. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಹೇಳಿದಷ್ಟೂ ದುಡ್ಡನ್ನ ದಾರೀಲೇ ತಡೆದು ಹಿಡಿಯೋ ಚಾನ್ಸ್ ಜಾಸ್ತಿ, ಆಮೇಲೆ ಬ್ಯಾಂಕಿಗೂ ತಿಳಿಸಿ ಕಾರ್ಡ್ ಬ್ಲಾಕ್ ಮಾಡಿಸಿ.