ಚೆಂಡು ಬರುವ ಮೊದಲೇ

ಕೇಳುಗರಿಗೆ ನಮಸ್ಕಾರ.

ಬೇಸ್‌ಬಾಲ್ ನೋಡಲು ಕುಳಿತರೆ, ಕ್ರಿಕೆಟ್ಟಿಗೆ ಪಳಗಿದ ನಮ್ಮ ಕಣ್ಣು ಚೆಂಡು ಎಸೆಯುವವನ ಮೇಲೆ, ಬಾರಿಸುವವನ ಮೇಲೆ ನೆಡುತ್ತದೆ. ಇವತ್ತು ಅವರಿಬ್ಬರನ್ನು ಬಿಟ್ಟು ಇನ್‌ಫೀಲ್ಡಿನ, ಅಂದರೆ ಒಳಮೈದಾನದ, ನಾಲ್ವರ ಕಡೆಗೆ ನೋಡೋಣ. ಓಡುವವನು ಮುಟ್ಟಬೇಕಾದ ಮೂರು ತಾಣಗಳನ್ನು, ಅಂದರೆ ಬೇಸುಗಳನ್ನು, ಕಾಯುವ ಮೂವರು, ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಒಬ್ಬ.

ಕ್ರಿಕೆಟ್ಟಿನಲ್ಲಿ ಚೆಂಡನ್ನು ಮೆಲ್ಲಗೆ ತಳ್ಳಿ ಬ್ಯಾಟರ್ ನಿಂತಲ್ಲೇ ನಿಲ್ಲಬಹುದು. ಇಲ್ಲಿ ಚೆಂಡು ಗೆರೆಗಳೊಳಗೆ ಉರುಳಿತೆಂದರೆ ಓಡಲೇಬೇಕು. ಒಂದನೇ ಬೇಸ್ ಇರುವುದು 90 ಅಡಿ ದೂರದಲ್ಲಿ. ಚುರುಕು ಕಾಲಿನವನಿಗೆ ಸುಮಾರು 4 ಸೆಕೆಂಡು ಸಾಕು. ಅವನನ್ನು ಔಟ್ ಮಾಡಲು ಅಷ್ಟರೊಳಗೆ ಚೆಂಡನ್ನು ತಡೆದು, ಕೈಗವಸಿನಿಂದ ತೆಗೆದು, ಒಂದನೇ ಬೇಸಿಗೆ ತಲುಪಿಸಬೇಕು. ಒಮ್ಮೆ ಕೈಜಾರಿದರೂ ಹೊತ್ತು ಮೀರಿತು.

ಹಾಗಾಗಿ ಚೆಂಡು ಬಂದ ಮೇಲೆ ಯೋಚಿಸುವವನು ಇಲ್ಲಿ ಉಳಿಯಲಾರ. ಶಾರ್ಟ್‌ಸ್ಟಾಪ್ ಮತ್ತು ಎರಡನೇ ಬೇಸಿನವನನ್ನು ಗಮನಿಸಿ: ಎಸೆತಕ್ಕೆ ಮುಂಚೆ ಒಬ್ಬ ಕೈಗವಸನ್ನು ಮುಖಕ್ಕೆ ಅಡ್ಡ ಹಿಡಿದು ಇನ್ನೊಬ್ಬನತ್ತ ತಿರುಗುತ್ತಾನೆ. ಅದರ ಮರೆಯಲ್ಲಿ ಬಾಯಿ ಮುಚ್ಚಿದ್ದರೆ ‘ಎರಡನೇ ಬೇಸಿಗೆ ನಾನು ಹೋಗುತ್ತೇನೆ’, ತೆರೆದಿದ್ದರೆ ‘ನೀನು ಹೋಗು’. ಬಹುಕಾಲದಿಂದ ನಡೆದು ಬಂದ ಸಂಜ್ಞೆ ಇದು. ಎದುರಾಳಿ ಬೇಸ್ ಕದಿಯಲು, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ, ಓಡಿದಾಗ ಇಬ್ಬರೂ ಒಂದೇ ಕಡೆ ನುಗ್ಗಿ ಅರ್ಧ ಮೈದಾನ ಬರಿದಾಗಬಾರದಲ್ಲ!

ಮೂರನೇ ಬೇಸಿನವನಿಗೆ ಇಂಥ ಸಾವಕಾಶವೂ ಇಲ್ಲ. ಬಲಗೈ ಬ್ಯಾಟರ್‌ಗಳ ಬಿರುಸಾದ ಹೊಡೆತಗಳು ನೇರ ಅವನ ಮೇಲೇ. 1970ರ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲಿನ ಅಂತಿಮ ಸರಣಿ; ಅದರ ಮೊದಲ ಪಂದ್ಯ. ಸಿನ್ಸಿನಾಟಿಯ ಲೀ ಮೇ ಹೊಡೆದ ಚೆಂಡು ಮೂರನೇ ಬೇಸಿನ ಪಕ್ಕದಲ್ಲೇ ಹಾದು ಹಿಂದಕ್ಕೆ ಸಿಡಿಯಿತು. ಬಾಲ್ಟಿಮೋರ್‌ನ ಬ್ರೂಕ್ಸ್ ರಾಬಿನ್ಸನ್ ಅಡ್ಡಗೈಯಲ್ಲಿ ಅದನ್ನು ಹಿಡಿದಾಗ, ಓಡಿದ ರಭಸಕ್ಕೆ ಗೆರೆಯಾಚೆ ಹೋಗಿಬಿಟ್ಟಿದ್ದರು. ಅಲ್ಲಿಂದಲೇ ಮೈ ತಿರುಚಿ ಎಸೆದರು. ಚೆಂಡು ಒಂದು ಪುಟ ಬಿದ್ದು ಒಂದನೇ ಬೇಸಿನ ಬೂಗ್ ಪಾವೆಲ್ ಕೈ ಸೇರಿತು. ಲೀ ಮೇ ಔಟ್. ಆ ಸರಣಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ರಾಬಿನ್ಸನ್ನರಿಗೇ ಸಂದಿತು. ಅವರ ಬ್ಯಾಟೂ ಚೆನ್ನಾಗಿ ಆಡಿತ್ತು ನಿಜ, ಆದರೆ ಜನ ಇಂದಿಗೂ ನೆನೆಯುವುದು ಆ ಕೈಗವಸನ್ನು. ಪುಟಿದ ಚೆಂಡನ್ನು ತಪ್ಪಿಸಿಕೊಳ್ಳದ ಪಾವೆಲ್‌ಗೂ ಒಂದು ಪಾಲು ಸಲ್ಲಬೇಕೆಂಬುದು ನನ್ನ ವಾದ.

ಈಚಿನ ವರ್ಷಗಳಲ್ಲಿ ತಂಡಗಳು ಬ್ಯಾಟರ್ ಯಾವ ಕಡೆ ಹೊಡೆಯುತ್ತಾನೆಂದು ಲೆಕ್ಕಾಚಾರ ಹಾಕಿ ಮೂವರು ಇನ್‌ಫೀಲ್ಡರ್‌ಗಳನ್ನು ಒಂದೇ ಬದಿಗೆ ಜಮಾಯಿಸತೊಡಗಿದ್ದವು. 2023ರಲ್ಲಿ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಅದಕ್ಕೆ ತಡೆ ಹಾಕಿತು: ಎರಡನೇ ಬೇಸಿನ ಎರಡೂ ಬದಿಯಲ್ಲಿ ಇಬ್ಬಿಬ್ಬರು ಇರಲೇಬೇಕು. ಕಂಪ್ಯೂಟರ್ ತೋರಿಸಿದ ಜಾಗದಲ್ಲಿ ನಿಂತರೆ ಸಾಲದು, ಚೆಂಡಿನ ಹಿಂದೆ ಓಡಬೇಕು. ನನಗಂತೂ ಈ ನಿಯಮ ಹಿಡಿಸಿದೆ. ನಮಸ್ಕಾರ.