ಬಯಲು ಕೊಟ್ಟಿಗೆಗೆ ಎರಚಲು ಹೊಡೆಯದ ಹಾಗೆ ಕಡಿಮೆ ಖರ್ಚಿನ ತಯಾರಿ

[ದೃಶ್ಯ: ನಾಲ್ಕೂ ಕಡೆ ತೆರೆದ ಕೊಟ್ಟಿಗೆ, ಮೇಲೆ ಶೀಟು]

ನಮಸ್ಕಾರ. ಕಂಬ ನೆಟ್ಟು ಮೇಲೆ ಶೀಟು ಹೊದಿಸಿದ ಇಂಥ ಕೊಟ್ಟಿಗೆ ಬೇಸಿಗೆಗೆ ಬಹಳ ಹಿತ. ಮಳೆಗಾಲದ ಕಥೆ ಬೇರೆ. ಹೊಸನಗರ, ತೀರ್ಥಹಳ್ಳಿ ಕಡೆ ಮಳೆ ನೆಟ್ಟಗೆ ಸುರಿಯುವುದಿಲ್ಲ, ಗಾಳಿ ಜೊತೆ ಅಡ್ಡಡ್ಡ ಹೊಡೆಯುತ್ತದೆ. ಆಗುಂಬೆಯಲ್ಲಂತೂ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಹಾಗಂತ ಸುತ್ತಲೂ ಟಾರ್ಪಾಲ್ ಬಿಗಿದು ಕೊಟ್ಟಿಗೆಯನ್ನು ಡಬ್ಬಿ ಮಾಡಬೇಡಿ. ದನಕ್ಕೆ ಮಲೆನಾಡಿನ ಚಳಿ ದೊಡ್ಡ ವಿಷಯ ಅಲ್ಲ. ಮೈ ಒದ್ದೆಯಾಗಿ ಮೇಲೆ ಗಾಳಿಯೂ ಬೀಸಿದರೆ ತಡೆಯುವುದಿಲ್ಲ. ಉಸಿರುಗಟ್ಟಿದರೂ ತಡೆಯುವುದಿಲ್ಲ.

ಮೊದಲು ಎರಚಲು ಯಾವ ಕಡೆಯಿಂದ ಬರುತ್ತದೆ ನೋಡಿ. ಮುಂಗಾರಿನ ಗಾಳಿ ಪಡುವಣದ್ದು. ಆದರೆ ಮನೆ ಹಿಂದೆ ಗುಡ್ಡ ಇದ್ದರೆ ದಿಕ್ಕು ತಿರುಗುತ್ತದೆ. ಕಂಬಗಳನ್ನೇ ನೋಡಿ, ಹೋದ ವರ್ಷದ ಪಾಚಿ ಯಾವ ಮಗ್ಗುಲಿಗೆ ದಟ್ಟವಾಗಿದೆಯೋ ಆ ಕಡೆ ಮರೆ ಬೇಕು. ಉಳಿದ ಕಡೆ ಸುಮ್ನೆ ದುಡ್ಡು ಸುರಿಯಬೇಡಿ.

[ದೃಶ್ಯ: ಸೋಗೆ ತಟ್ಟಿ ಕಟ್ಟುತ್ತಿರುವ ಕೈಗಳು]

ತೋಟ ಇದ್ದವರಿಗೆ ಅಡಿಕೆ ಸೋಗೆಯ ತಟ್ಟಿಗಿಂತ ಒಳ್ಳೆಯದು ಇಲ್ಲ ಅಂತಲೇ ನನ್ನ ಅಭಿಪ್ರಾಯ. ಅಡಿಕೆ ದಬ್ಬೆಯ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿಯ, ಚೌಕಟ್ಟು ಮಾಡಿ. ಒಣಗಿದ ಸೋಗೆಯ ತುದಿ ಕೆಳಗೆ ಬರುವ ಹಾಗೆ, ಕೆಳಗಿನ ಸಾಲಿನಿಂದ ಕಟ್ಟುತ್ತಾ ಮೇಲೆ ಹೋಗಿ. ಮೇಲಿನ ಸಾಲು ಕೆಳಗಿನದರ ಮೇಲೆ ಅರ್ಧ ಕೂರಬೇಕು. ಆಗ ನೀರು ಒಳಗೆ ಇಳಿಯದೆ ಹೊರಗೇ ಜಾರುತ್ತದೆ. ಗಾಳಿಯೂ ಸಣ್ಣಗೆ ಆಡುತ್ತದೆ. ಮಳೆಗಾಲ ಮುಗಿದ ಮೇಲೆ ಬಿಚ್ಚಿ ಗೊಬ್ಬರದ ಗುಂಡಿಗೆ ಹಾಕಿದರಾಯಿತು. ದನದ ಬಾಯಿಗೆ ಮಾತ್ರ ಸಿಗಬಾರದು, ಎಳೆದು ಹಾಕಿಬಿಡುತ್ತವೆ.

ಸೋಗೆ ಸಿಗದಿದ್ದರೆ ಟಾರ್ಪಾಲ್. ಅದು ಹರಿಯುವುದು ಹೆಚ್ಚಾಗಿ ಹಗ್ಗ ಕಟ್ಟುವ ತೂತಿನ ಹತ್ತಿರ. ಗಾಳಿಯ ಪೂರ್ತಿ ಜಗ್ಗಾಟ ಆ ಒಂದು ಚುಕ್ಕೆ ಮೇಲೆ ಬೀಳುತ್ತದೆ, ಅಲ್ವಾ? ಅದಕ್ಕೆ ಮೇಲಂಚನ್ನು ಎರಡು ಸುತ್ತು ಮಡಚಿ, ಎರಡು ದಬ್ಬೆಗಳ ನಡುವೆ ಇಟ್ಟು, ಮೊಳೆ ಹೊಡೆದು ಕಚ್ಚಿಸಿ. ಕೆಳಗಿನ ಅಂಚಿಗೂ ಒಂದು ದಬ್ಬೆ ಸುತ್ತಿ ಕಟ್ಟಿ. ಆ ಭಾರಕ್ಕೆ ಪಟಪಟ ಹೊಡೆದುಕೊಳ್ಳುವುದಿಲ್ಲ, ಬಿಸಿಲು ಬಂದಾಗ ಚಾಪೆ ಹಾಗೆ ಸುತ್ತಿ ಮೇಲೆತ್ತಬಹುದು. ಹರಿದ ಚೂರುಗಳನ್ನು ಆಗಾಗ ಹೆಕ್ಕಿ. ಪ್ಲಾಸ್ಟಿಕ್ ದನದ ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ.

ತಟ್ಟಿ ಆಗಲಿ ಟಾರ್ಪಾಲ್ ಆಗಲಿ, ಮಾಡಿನ ಕೆಳಗೆ ಒಂದಡಿಯಾದರೂ ತೆರಪು ಬಿಡಿ. ಸೂರು ಎರಡು ಮೂರು ಅಡಿ ಮುಂದೆ ಚಾಚಿದ್ದರೆ ಅಲ್ಲಿಂದ ಎರಚಲು ಬರುವುದು ಕಡಿಮೆ. ಸಾಕಷ್ಟು ಗಾಳಿ ಇದೆಯಾ ಅಂತ ತಿಳಿಯಲು ಬೆಳಗ್ಗೆ ಹಾಲು ಕರೆಯುವ ಮೊದಲು ದನದ ಮೂತಿಯ ಮಟ್ಟಕ್ಕೆ ಕೂತು ಉಸಿರು ಎಳೆದು ನೋಡಿ. ಗಂಜಲದ ಘಾಟು ಕಣ್ಣಿಗೆ ಹತ್ತಿದರೆ ನೀವು ಜಾಸ್ತಿ ಮುಚ್ಚಿದ್ದೀರಿ. ರಾತ್ರಿಯಿಡೀ ಅವು ಕುಡಿದದ್ದು ಅದೇ ಗಾಳಿ.

[ದೃಶ್ಯ: ಶೀಟಿನ ಉಬ್ಬು, ಸ್ಕ್ರೂ, ರಬ್ಬರ್ ವಾಷರ್]

ಶೀಟು ಸೋರುತ್ತಿದ್ದರೆ ಸ್ಕ್ರೂ ನೋಡಿ. ಅದು ಉಬ್ಬಿನ ಮೇಲಿರಬೇಕು, ತಗ್ಗಿನಲ್ಲಲ್ಲ. ತಗ್ಗಿನಲ್ಲೇ ನೀರು ಹರಿಯುವುದು. ರಬ್ಬರ್ ವಾಷರ್ ಬಿರಿದಿದ್ದರೆ ಬದಲಿಸಿ.

ಕೈಯಲ್ಲಿ ದುಡ್ಡು ತೀರಾ ಕಡಿಮೆಯಾ? ಹಾಗಾದರೆ ತಟ್ಟಿಗೂ ಮೊದಲು ಚರಂಡಿ. ಸೂರಿನ ನೀರು ಬಿದ್ದಲ್ಲೇ ಇಂಗಿದರೆ ನೆಲ ಒಣಗುವುದೇ ಇಲ್ಲ. ಸುತ್ತಲೂ ಗುದ್ದಲಿಯಲ್ಲಿ ಕಾಲುವೆ ತೆಗೆದು ಇಳಿಜಾರಿಗೆ ಬಿಡಿ, ಇದಕ್ಕೆ ಖರ್ಚು ಮೈಬೆವರು ಅಷ್ಟೇ. ಒಳಗಿನ ನೆಲಕ್ಕೆ 10 ಅಡಿಗೆ 3 ಇಂಚು ಇಳಿಜಾರು ಇದ್ದರೆ ಗಂಜಲ ನಿಲ್ಲುವುದಿಲ್ಲ. ನೆಲ ಸದಾ ಒದ್ದೆಯಿದ್ದರೆ ಗೊರಸು ಮೆತ್ತಗಾಗಿ ಕೊಳೆಯುತ್ತದೆ, ಕೆಚ್ಚಲು ಬಾವು ಬರುತ್ತದೆ. ಒಂದು ಸಲ ಡಾಕ್ಟರನ್ನು ಕರೆಸುವ ಖರ್ಚಿನಲ್ಲಿ ಎಷ್ಟು ತಟ್ಟಿ ಕಟ್ಟಬಹುದು, ಲೆಕ್ಕ ಹಾಕಿ. ಹಾಸಲು ದರಕು, ಅಂದರೆ ಉದುರಿದ ಒಣ ಎಲೆ, ಬೇಸಿಗೆಯಲ್ಲೇ ಗುಡಿಸಿ ಕೂಡಿಡಿ. ಮಳೆಯಲ್ಲಿ ತಂದ ಹಸಿ ಸೊಪ್ಪು ಗೊಬ್ಬರಕ್ಕೆ ಒಳ್ಳೆಯದು, ಮಲಗುವ ಜಾಗ ಒಣಗಿಸುವುದಿಲ್ಲ.

ಕರುಗಳಿಗೆ ಮಾತ್ರ ಒಂದು ಮೂಲೆಯನ್ನು ಮೂರು ಕಡೆ ಮರೆ ಮಾಡಿ, ಒಣ ಹುಲ್ಲು ದಪ್ಪಗೆ ಹಾಸಿ.

ರೋಹಿಣಿ ಮಳೆ ಹಿಡಿಯುವ ಮೊದಲೇ ಇಷ್ಟೆಲ್ಲ ಮುಗಿಸಿ. ದೀಪಾವಳಿ ಹೊತ್ತಿಗೆ ಟಾರ್ಪಾಲ್ ಬಿಚ್ಚಿ, ತೊಳೆದು, ಪೂರ್ತಿ ಒಣಗಿಸಿ, ಇಲಿ ಮುಟ್ಟದ ಕಡೆ ತೂಗುಹಾಕಿ. ಮುಂದಿನ ವರ್ಷಕ್ಕೂ ಅದೇ ಆಗುತ್ತದೆ.